ಏಳನೆಯ ದಿನ, ಎಂಟನೆಯ ದಿನ

3 ಫೆಬ್ರವರಿ 1986, ಸೋಮವಾರ. ಸಂಜೆ

ಸಿರುಗುಪ್ಪ ಬಸ್ಸು ನಲವತ್ತು ನಿಮಿಷ ತಡ. ಅಲ್ಲಿನ ನನ್ನ ಸೋಮವಾರದ ಕೋಣೆಯ ಬೀಗ ತೆಗೆಯುವಾಗಲೇ ಆರು ಮಕ್ಕಳು ಕಾದಿದ್ದರು. ಪೋಲಿಯೊ ನಾಲ್ಕು, ಸುಟ್ಟ ಕೈ ಒಂದು, ಮತ್ತೆ ಹಚ್ಚೊಳ್ಳಿಯ ಅಂಬಿ.

ಅಂಬಿಗೆ ಐದು ವರ್ಷ. ಕೈಕಾಲು ಗಟ್ಟಿ. ಕಣ್ಣು, ಕಿವಿ ಸರಿ ಇವೆ. ಆದರೆ ತಲೆಗೆ ಎಣ್ಣೆ ಹಚ್ಚಗೊಡುವುದಿಲ್ಲ. ಅನ್ನ ಬೆರಳಿಗೆ ಅಂಟಿದರೆ ಕಿರುಚುತ್ತಾಳೆ. ಹಿಮ್ಮಡಿ ನೆಲಕ್ಕೆ ತಾಗಿಸದೆ ನಡೆಯುತ್ತಾಳೆ. ಪಕ್ಕದ ಅಕ್ಕಿ ಮಿಲ್ಲು ಶುರುವಾದರೆ ಕಿವಿ ಮುಚ್ಚಿಕೊಂಡು ಮೂಲೆ ಸೇರುತ್ತಾಳೆ. ಮಾತು ಇಲ್ಲವೆನ್ನುವಷ್ಟು ಕಡಿಮೆ. ಊರಿನವರು ಹುಚ್ಚಿ ಅನ್ನುತ್ತಾರಂತೆ. ಜೂನ್‌ನಲ್ಲಿ ಶಾಲೆಗೆ ಸೇರಿಸಲೇಬೇಕೆಂದು ತಾಯಿ ಮಾರೆಮ್ಮನ ಹಟ. ಅರ್ಧ ಗಂಟೆ ಬೆಂಚಿನ ಮೇಲೆ ಕೂತರೆ ಸೇರಿಸಿಕೊಳ್ಳುತ್ತೇನೆ ಎಂದಿದ್ದಾರೆ ಹೆಡ್ ಮಾಸ್ತರರು.

ಇವತ್ತು ಭತ್ತ ತುಂಬಿದ ಬುಟ್ಟಿಯಲ್ಲಿ ಎರಡೂ ಪಾದ ಇಟ್ಟಳು. ಗಡಿಯಾರ ನೋಡಿದೆ — ಒಂದು ನಿಮಿಷ ಇಪ್ಪತ್ತು ಸೆಕೆಂಡು.

"ಭತ್ತ ತುಳ್ಯಾಕ ಹತ್ಯಾಳಲ್ರಿ ಡಾಕ್ಟ್ರಮ್ಮ! ಬರೋ ಸುಗ್ಗಿಗೆ ಕೂಲಿಗೆ ಹಚ್ಚಿಬಿಡ್ತೀನಿ," ಎಂದಳು ಮಾರೆಮ್ಮ. ಇಬ್ಬರೂ ನಕ್ಕೆವು.

ಡಾಕ್ಟರಲ್ಲ, ಥೆರಪಿಸ್ಟ್ ಎಂದು ಮೊದಲ ದಿನ ಹೇಳಿದ್ದೆ. ಈಗ ಹೇಳುವುದನ್ನು ಬಿಟ್ಟಿದ್ದೇನೆ.

6 ಫೆಬ್ರವರಿ, ಗುರುವಾರ

ಕುರುಗೋಡು. ಕೈಕಾಲು ಸೊಟ್ಟಗಾಗದಂತೆ ಕಟ್ಟುವ ಮೂರು ಸ್ಪ್ಲಿಂಟ್ ಅಳತೆ. ಮೊಮ್ಮಗನನ್ನು ಕರೆತಂದಿದ್ದ ಅಜ್ಜ ಎಲ್ಲವನ್ನೂ ನೋಡುತ್ತ ಕೂತಿದ್ದ.

"ಏನ್ ಓದೀಯವ್ವಾ?"

"ಆಕ್ಯುಪೇಶನಲ್ ಥೆರಪಿ. ನಾಗಪುರದಾಗ. ಮೂರು ವರ್ಷ."

"ತಿಕ್ಕಾಕ ಮೂರು ವರ್ಷಾ! ನಮ್ಮೂರ ಸೂಲಗಿತ್ತಿ ಒಂದು ದಿನಾನೂ ಸಾಲಿಗೆ ಹೋಗಿಲ್ಲ ನೋಡು."

ಕೈಕಾಲು ಕೆಲಸಕ್ಕೆ ಬರುವಂತೆ ಮಾಡುವ ವಿದ್ಯೆ, ತಿಕ್ಕುವುದಲ್ಲ ಎಂದೆ. ಅಜ್ಜ ಒಪ್ಪಲಿಲ್ಲ. ಮಧ್ಯಾಹ್ನ ಕ್ಯಾರಿಯರ್ ಬಿಚ್ಚಿ ಬಸ್ ಸ್ಟ್ಯಾಂಡಿನಲ್ಲೇ ಊಟ.

15 ಫೆಬ್ರವರಿ, ಶನಿವಾರ

ಬಳ್ಳಾರಿ, ಗಾಂಧಿನಗರ. ಡಾ. ಉಜ್ಜಿನಪ್ಪನವರ ಮಕ್ಕಳ ಆಸ್ಪತ್ರೆಯಲ್ಲಿ ನನ್ನದು ಹಿಂದಿನ ಕೋಣೆ. ಪತ್ರಿಕೆಯ ಹಂಪಯ್ಯ ಬಂದಿದ್ದರು. ಡಾಕ್ಟರೇ ಕಳಿಸಿದ್ದು. "ನಮ್ಮ ಚನ್ನವೀರಮ್ಮನವರ ಬಗ್ಗೆ ನಾಕು ಸಾಲು ಬರೀರಿ" ಎಂದಿದ್ದರಂತೆ.

ಹಿನ್ನೆಲೆ ಕೇಳಿದರು. ಹೇಳಿದೆ. ಬಳ್ಳಾರಿಯಲ್ಲಿ ಪಿಯುಸಿ. ನಾಗಪುರದ ಡಿಪ್ಲೊಮಾ, 1973. ಪೋಲಿಯೊ ವಾರ್ಡಿನಲ್ಲಿ ಒಂಬತ್ತು ವರ್ಷ. ಇಲ್ಲಿಗೆ 1982ರಲ್ಲಿ. ಎಲ್ಲ ನಿಜ.

"ಈ ಭತ್ತದ ಬುಟ್ಟಿ, ಬ್ರಶ್ಶು, ಜೋಕಾಲಿ... ಇದೆಲ್ಲಿ ಕಲ್ತ್ರಿ?"

ಗೋಡೆ ತೋರಿಸಿದೆ. ಸ್ಪರ್ಶ, ಸದ್ದು, ತೂಗಾಟಕ್ಕೆ ಮಕ್ಕಳನ್ನು ಒಗ್ಗಿಸುವ ಸೆನ್ಸರಿ ಇಂಟಿಗ್ರೇಶನ್ ಶಿಬಿರ, ಮದ್ರಾಸು, ಆಗಸ್ಟ್ 1983, ಎಂಟು ದಿನ. ಚೌಕಟ್ಟು ಹಾಕಿಸಿದ ಸರ್ಟಿಫಿಕೇಟು. ಹಂಪಯ್ಯ ಕನ್ನಡಕ ಏರಿಸಿಕೊಂಡು ನಕಲು ಮಾಡಿಕೊಂಡರು.

"ಎಂಟೂ ದಿನ ಮುಂಜಾನಿಂದ ಸಂಜಿಮಟ?"

"ಹೌದ್ರಿ."

ಕೂತದ್ದು ಆರು ದಿನ. ಏಳು ಮತ್ತು ಎಂಟನೆಯ ದಿನ ರೂಮಿನ ಗೆಳತಿಯೊಂದಿಗೆ ಟಿ. ನಗರದ ಅಂಗಡಿಗಳಲ್ಲಿದ್ದೆ. ತಂಗಿಯ ಮದುವೆ ಹತ್ತಿರವಿತ್ತು. ಎರಡು ಸೀರೆ, ನಾಲ್ಕು ಡಬ್ಬಿಯ ಸ್ಟೀಲ್ ಕ್ಯಾರಿಯರ್. ಸರ್ಟಿಫಿಕೇಟು ಹೆಸರು ಕೊಟ್ಟವರಿಗೆಲ್ಲ ಅಂಚೆಯಲ್ಲಿ ಬಂತು. ಎರಡೂವರೆ ವರ್ಷ ಯಾರೂ ಕೇಳಿರಲಿಲ್ಲ, ಆದ್ದರಿಂದ ಸುಳ್ಳಾಡಿದ ಹಾಗಾಗಿರಲಿಲ್ಲ.

ಇವತ್ತು ಕೇಳಿದರು.

19 ಫೆಬ್ರವರಿ, ಬುಧವಾರ

ಮೂರನೆಯ ಪುಟ, ಎರಡು ಕಾಲಂ. "ಇಂದ್ರಿಯ ಸಮನ್ವಯ ಚಿಕಿತ್ಸೆಯಲ್ಲಿ ಪೂರ್ಣ ತರಬೇತಿ ಪಡೆದ ಜಿಲ್ಲೆಯ ಏಕೈಕ ತಜ್ಞೆ."

ಅಪ್ಪ ಮೂವತ್ತೈದು ವರ್ಷ ಪತ್ರಿಕೆ ಏಜೆಂಟ್. ರೈಲಿನಿಂದ ಕಟ್ಟು ಇಳಿದ ಕೂಡಲೇ ಒಂದು ಪ್ರತಿ ನಮ್ಮ ಮುಂದೆ ಹಾಕುತ್ತಿದ್ದರು. ಮೊದಲು ಓದಿಸುತ್ತಿದ್ದದ್ದು ಮೂಲೆಯ ತಿದ್ದುಪಡಿ. ನಿನ್ನೆ ಏನು ತಪ್ಪಾಗಿತ್ತು ಗೊತ್ತಾಗದೆ ಇವತ್ತಿನದನ್ನು ಓದಬೇಡಿ ಎನ್ನುತ್ತಿದ್ದರು. ಇವತ್ತು ಹನ್ನೆರಡು ಪ್ರತಿ ಬೀದಿಯಲ್ಲಿ ಹಂಚಿದ್ದಾರೆ. ಒಂದನ್ನು ಕತ್ತರಿಸಿ ಪಡಸಾಲೆಯ ಗೋಡೆಗೆ ಅಂಟಿಸಿದ್ದಾರೆ.

"ಎಲ್ಲಾ ಬರೋಬರಿ ಬಂದೈತೇನು ಚನ್ನಿ? ಹೆಸರು, ಇಸ್ವಿ?"

"ಬಂದಾವಪ್ಪ."

ಹೆಸರು, ಇಸ್ವಿ ಸರಿಯಾಗಿಯೇ ಇವೆ.

24 ಫೆಬ್ರವರಿ, ಸೋಮವಾರ

ಮಾರೆಮ್ಮ ಕುಂಕುಮದ ಡಬ್ಬಿಯಿಂದ ಮಡಿಚಿದ ಕಾಗದ ತೆಗೆದಳು. ಅದೇ ಸುದ್ದಿ. ಅವಳಿಗೆ ಓದಲು ಬರುವುದಿಲ್ಲ. ಮಾಸ್ತರರು ಎರಡು ಸಲ ಓದಿ ಹೇಳಿದರಂತೆ.

"ನಮ್ಮಣ್ಣ ಹೈದರಾಬಾದಿನ್ಯಾಗ ಅದಾನ್ರಿ. ಶಿವರಾತ್ರಿ ಮುಗಿಸಿ ಬಾ, ದೊಡ್ಡಾಸ್ಪತ್ರಿಗೆ ತೋರಸೋಣು ಅಂದಿದ್ದ. ಬ್ಯಾಡಂತ ಕಾಗದ ಬರಸಿಬಿಟ್ಟೆ. ಜಿಲ್ಲಾಕ್ಕ ಒಬ್ಬಾಕಿ ನಮ್ಮ ಡಾಕ್ಟ್ರಮ್ಮ. ಇನ್ನ ಅಲ್ಲಿಗ್ಯಾಕ?"

ಹೋಗಿ ಬಾ, ಅಲ್ಲಿ ನನಗಿಂತ ತಿಳಿದವರಿದ್ದಾರೆ — ಇಷ್ಟೇ ಹೇಳಬೇಕಿತ್ತು. "ನೋಡೋಣ" ಎಂದೆ. ಒಳಗೆ ಸ್ವಲ್ಪ ಹಿಗ್ಗೂ ಇತ್ತು. ಅದನ್ನೂ ಬರೆದಿಡುತ್ತೇನೆ.

3 ಮಾರ್ಚ್, ಸೋಮವಾರ

ಸಿರುಗುಪ್ಪದ ಕೋಣೆಯಲ್ಲೂ ತೊಲೆಯ ಒಂದೇ ಕೊಂಡಿಗೆ ಗೋಣಿಚೀಲದ ಜೋಕಾಲಿ ಕಟ್ಟಿಸಿದ್ದೇನೆ. ಹಿಂದೆ ಮುಂದೆ ತೂಗುತ್ತದೆ, ಸುತ್ತಲೂ ತಿರುಗುತ್ತದೆ. ಅಂಬಿಯನ್ನು ಕೂರಿಸಿ ಹತ್ತು ಸುತ್ತು ತಿರುಗಿಸಿದೆ. ನಕ್ಕಳು! ಐದು ವರ್ಷದಲ್ಲಿ ಹೀಗೆ ಬಾಯಿ ಬಿಟ್ಟು ನಕ್ಕಿದ್ದಿಲ್ಲ ಎಂದು ಮಾರೆಮ್ಮ ಕಣ್ಣು ಒರೆಸಿಕೊಂಡಳು. ಇಳಿದ ಮೇಲೆ ತಲೆಗೆ ಎಣ್ಣೆ ಹಚ್ಚಗೊಟ್ಟಳು. ಬೆಂಚಿನ ಮೇಲೆ ಒಂಬತ್ತು ನಿಮಿಷ.

ಮುಂದಿನ ವಾರ ಇಪ್ಪತ್ತು ಸುತ್ತು.

10 ಮಾರ್ಚ್, ಸೋಮವಾರ

ಆದದ್ದನ್ನು ಆದ ಹಾಗೆ.

ಅಮಾವಾಸ್ಯೆ. ಬೇರೆ ಯಾರೂ ಬಂದಿರಲಿಲ್ಲ. "ಅಮಾಸಿ ದಿನ ಕೂಸಿನ್ನ ಹೊರಗ ಒಯ್ಯಬ್ಯಾಡ ಅಂದ್ಲು ನಮ್ಮತ್ತಿ. ಡಾಕ್ಟ್ರಮ್ಮಗ ಅಮಾಸಿ ಐತೇನು ಅಂತ ಬಂದ್ಬಿಟ್ಟೆ" ಎಂದಳು ಮಾರೆಮ್ಮ.

ಇಪ್ಪತ್ತು ಸುತ್ತು. ನಗುತ್ತಿದ್ದಳು. ಮತ್ತೆ ಇಪ್ಪತ್ತು. ಮುಖ ಬಿಳಿಚಿತ್ತು, ಮೇಲ್ದುಟಿಯ ಮೇಲೆ ಬೆವರು. ನೋಡಿದೆ. ಸೆಕೆ ಅಂದುಕೊಂಡೆ. ಆಗ ಅವಳು "ಇನ್ನೊಮ್ಮಿ" ಎಂದಳು. ಇಲ್ಲಿಗೆ ಬರತೊಡಗಿದ ಮೇಲೆ ನನ್ನೊಂದಿಗೆ ಆಡಿದ ಮೊದಲ ಮಾತು. ಹತ್ತು ಸುತ್ತು ಹೆಚ್ಚು ತಿರುಗಿಸಿದೆ.

ಹನ್ನೊಂದು ಹತ್ತಕ್ಕೆ ಕಣ್ಣು ಮೇಲೆ ಹೋಯಿತು. ಕೈಕಾಲು ಸೆಟೆದು ಜಗ್ಗತೊಡಗಿದವು. ಐದು ನಿಮಿಷ. ಮಿಲ್ಲಿನವರ ಜೀಪಿನಲ್ಲಿ ಸಿರುಗುಪ್ಪದ ಸರಕಾರಿ ಆಸ್ಪತ್ರೆಗೆ. ಇಂಜೆಕ್ಷನ್. ಮಧ್ಯಾಹ್ನ ಮೂರಕ್ಕೆ ಎಚ್ಚರವಾಗಿ ನೀರು ಕುಡಿದಳು. ಜೀವಕ್ಕೆ ಅಪಾಯವಿಲ್ಲ ಎಂದರು.

ಜೀಪಿನಲ್ಲಿ ಮಾರೆಮ್ಮ ಮಗಳ ತಲೆ ಹಿಡಿದುಕೊಂಡು ಒಂದೇ ಮಾತು ಆಡುತ್ತಿದ್ದಳು. "ನಾ ಬರಬಾರದಿತ್ತು. ಅತ್ತಿ ಮಾತು ಕೇಳಬೇಕಿತ್ತು."

ಪಕ್ಕದಲ್ಲೇ ಇದ್ದೆ. ಬಾಯಿ ಬಿಡಲಿಲ್ಲ.

11 ಮಾರ್ಚ್, ಮಂಗಳವಾರ

ಡಾ. ಉಜ್ಜಿನಪ್ಪನವರಿಗೆ ಹೇಳಿದೆ. ಏನೆಂದರೆ — ಮಗು ಜೋಕಾಲಿಯಲ್ಲಿತ್ತು, ಫಿಟ್ಸ್ ಬಂತು. ಐವತ್ತು ಸುತ್ತು ಎಂದು ಹೇಳಲಿಲ್ಲ.

"ಮೊದಲು ಬಂದಿತ್ತೇನು?"

"ಸಣ್ಣಾಕಿದ್ದಾಗ ಎರಡು ಸಲ ಬಂದಿತ್ತಂತರಿ. ನಿನ್ನೆ ತಾಯಿ ಹೇಳಿದಳು."

"ಹಂಗಾರ ಇದು ಇದ್ದದ್ದೇ. ನೀವೇನು ಮಾಡಾಕ ಆಗತೈತಿ? ತಲಿ ಕೆಡಿಸ್ಕೋಬ್ಯಾಡ್ರಿ."

ನಿನ್ನೆ ಆಸ್ಪತ್ರೆಯಲ್ಲಿ ಮಾರೆಮ್ಮ ಹೇಳಿದ್ದು: "ನೀವು ಕೇಳಲಿಲ್ಲರಿ, ನನಗ ಹೇಳಬೇಕಂತ ತಿಳೀಲಿಲ್ಲ." ಕೇಳಬೇಕೆಂದು ನನಗೂ ತಿಳಿದಿರಲಿಲ್ಲ.

ಮನೆಗೆ ಬಂದು ಮದ್ರಾಸಿನ ನೋಟ್‌ಬುಕ್ಕು ಹುಡುಕಿ ತೆಗೆದೆ. ಆರನೆಯ ದಿನದ ಕೊನೆಯ ಸಾಲು, ನನ್ನದೇ ಅಕ್ಷರ: "ತಿರುಗಿಸುವುದು — ಯಾರಿಗೆ ಮಾಡಬಾರದು, ಯಾವಾಗ ನಿಲ್ಲಿಸಬೇಕು — ನಾಳೆ ಬೆಳಿಗ್ಗೆ."

ಮುಂದಿನ ಪುಟದಲ್ಲಿ ಸೀರೆಯ ಪಟ್ಟಿ. ತಂಗಿಗೆ ಹಸಿರು, ಅವಳ ಅತ್ತೆಗೆ ಜರಿ ಅಂಚಿನದು.

17 ಮಾರ್ಚ್, ಸೋಮವಾರ

ಅಂಬಿ ಬರಲಿಲ್ಲ. ಜೋಕಾಲಿ ಬಿಚ್ಚಿಸಿದೆ.

24 ಮಾರ್ಚ್, ಸೋಮವಾರ

ಮಿಲ್ಲಿನಲ್ಲಿ ಹಮಾಲಿ ಮಾಡುವ ಎರ್ರೆಪ್ಪ ಬಂದು ಬಾಗಿಲಲ್ಲಿ ನಿಂತ. ಅಂಬಿಯ ತಂದೆ. ತಲೆಯ ಮೇಲೆಲ್ಲ ತೌಡು.

"ಕೂಸು ಅರಾಮದಾಳ್ರಿ. ಗುಳಿಗಿ ನುಂಗಸ್ತೀವಿ. ಆದ್ರ ನಮ್ಮವ್ವ ಹೊರಗ ಬಿಡವಲ್ಲಳು. ಅಮಾಸಿ ದಿನ ಒಯ್ದಿ, ಮ್ಯಾಲ ಬಾಲಚುಕ್ಕಿ ಬ್ಯಾರೆ ಮೂಡೇತಿ, ನೀನಽ ಕೂಸಿನ್ನ ಕೆಡಿಸಿದಿ ಅಂತ ನಮ್ಮಾಕಿನ್ನ ದಿನಾ ಬೈತಾಳ. ಇಕಿ ಎರಡು ಹೊತ್ತು ಉಣವಲ್ಲಳು. ಸಾಲಿ ಮಾತು ಯಾರೂ ತಗ್ಯಂಗಿಲ್ಲ." ಸ್ವಲ್ಪ ತಡೆದು, "ನಿಮಗ ಏನೂ ಅನ್ನಂಗಿಲ್ಲರಿ ನಮ್ಮವ್ವ. ಡಾಕ್ಟ್ರಮ್ಮ ಓಡಿ ಉಳಿಸಿದಳು ಅಂತಾಳ."

ಜೀಪಿನಲ್ಲಿ ನನ್ನ ಒಂದು ವಾಕ್ಯ ಸಾಕಾಗಿತ್ತು.

31 ಮಾರ್ಚ್, ಸೋಮವಾರ

ಸಿರುಗುಪ್ಪಕ್ಕೆ ಹೋಗಲಿಲ್ಲ. ಮೈ ಸರಿಯಿಲ್ಲವೆಂದು ಆಸ್ಪತ್ರೆಗೆ ಹೇಳಿಕಳಿಸಿದೆ. ಮೈ ಸರಿಯಿತ್ತು.

2 ಏಪ್ರಿಲ್, ಬುಧವಾರ

ಪತ್ರಿಕೆಯಲ್ಲಿ ಧೂಮಕೇತುವಿನ ಸುದ್ದಿ. ಯಾರಿಗೂ ಕೆಡುಕಿಲ್ಲ ಎಂದು ವಿಜ್ಞಾನಿಗಳು. ಮೂಲೆಯಲ್ಲಿ ತಿದ್ದುಪಡಿ: ಕಾಲುವೆಗೆ ನೀರು ಬಿಡುವ ದಿನಾಂಕ ತಪ್ಪಾಗಿ ಪ್ರಕಟವಾಗಿತ್ತು, ವಿಷಾದಿಸುತ್ತೇವೆ. ಒಂದು ದಿನದ ವ್ಯತ್ಯಾಸಕ್ಕೆ ಅಷ್ಟು ವಿಷಾದ.

ಹಂಪಯ್ಯನವರಿಗೆ ಕಾರ್ಡು ಬರೆದೆ. ಹರಿದೆ. ಮಾರೆಮ್ಮ ಪತ್ರಿಕೆ ಓದುವವಳಲ್ಲ. ಮೊದಲು ಎಲ್ಲಿ ಹೇಳಬೇಕೋ ಅಲ್ಲಿಗೇ ಹೋಗಿ ಹೇಳಬೇಕು.

ಗೋಡೆಯಿಂದ ಸರ್ಟಿಫಿಕೇಟು ಇಳಿಸಿ ಬೀರುವಿನಲ್ಲಿಟ್ಟೆ. ಗೋಡೆಯ ಮೇಲೆ ಚೌಕಾಕಾರದ ಬಿಳಿ ಗುರುತು ಉಳಿದಿದೆ. ಕ್ಯಾಲೆಂಡರ್ ಹಾಕಿ ಮುಚ್ಚಿದೆ. ಆಮೇಲೆ ಅದನ್ನೂ ತೆಗೆದೆ.

7 ಏಪ್ರಿಲ್, ಸೋಮವಾರ

ಸಿರುಗುಪ್ಪದ ಕೆಲಸ ಒಂದಕ್ಕೆ ಮುಗಿಸಿ ಹಚ್ಚೊಳ್ಳಿ ಬಸ್ಸು ಹತ್ತಿದೆ.

ಮಾರೆಮ್ಮ ಅಂಗಳದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ತೆಳ್ಳಗಾಗಿದ್ದಾಳೆ. ಅತ್ತೆ ಜೋಗಮ್ಮ ಕಟ್ಟೆಯ ಮೇಲೆ, ತೊಡೆಗೆ ಅಂಟಿಕೊಂಡು ಅಂಬಿ. ನನ್ನನ್ನು ಕಂಡು ಅಂಬಿ ಮುಖ ತಿರುಗಿಸಿದಳು. ಜೋಗಮ್ಮ ಚಾಪೆ ಹಾಸಿಸಿ ಮಜ್ಜಿಗೆ ತರಿಸಿದಳು. ಕುಡಿದರೆ ಹೇಳಲಾಗುವುದಿಲ್ಲ ಎಂದು ಲೋಟ ಪಕ್ಕಕ್ಕಿಟ್ಟೆ.

ಹೇಳಿದೆ. ಅಮಾವಾಸ್ಯೆಯಿಂದ ಆದದ್ದಲ್ಲ. ಚುಕ್ಕಿಯಿಂದಲ್ಲ. ಮಾರೆಮ್ಮನ ತಪ್ಪು ಒಂದಿಷ್ಟೂ ಇಲ್ಲ. ನಾನು ತಿರುಗಿಸಿದೆ, ಐವತ್ತು ಸುತ್ತು. ಮೊದಲು ಫಿಟ್ಸ್ ಬಂದ ಮಕ್ಕಳನ್ನು ಹಾಗೆ ತಿರುಗಿಸಬಾರದು. ಮುಖ ಬಿಳಿಚಿದರೆ ನಿಲ್ಲಿಸಬೇಕು. ಎಂಟು ದಿನದ ಪಾಠದಲ್ಲಿ ಏಳನೆಯ ದಿನ ಅದನ್ನು ಹೇಳಿಕೊಟ್ಟರು. ಏಳನೆಯ ದಿನ, ಎಂಟನೆಯ ದಿನ ನಾನು ಹೋಗಿರಲಿಲ್ಲ. ಪತ್ರಿಕೆಯವರಿಗೆ ಎಂಟೂ ದಿನ ಕೂತಿದ್ದೆ ಎಂದು ಹೇಳಿದವಳು ನಾನೇ.

"ಎಲ್ಲಿಗೆ ಹೋಗಿದ್ದಿ?" ಜೋಗಮ್ಮ ಕೇಳಿದಳು.

"ಸೀರಿ ತರಾಕ."

ಮೊರದ ಸದ್ದು ನಿಂತಿತ್ತು. ಕೈಯಲ್ಲಿದ್ದ ಆ ಮದ್ರಾಸಿನ ಕ್ಯಾರಿಯರನ್ನು ಹಿಂದಕ್ಕೆ ಸರಿಸಿದೆ. ಯಾರೂ ಅದನ್ನು ನೋಡುತ್ತಿರಲಿಲ್ಲ.

"ಎಂಟು ದಿನ ಕುಂಡ್ರಾಕ ನಿನಗ ಆಗಲಿಲ್ಲ," ಎಂದಳು ಜೋಗಮ್ಮ. ದನಿ ಏರಿಸಲಿಲ್ಲ. "ನನ್ನ ಮೊಮ್ಮಗಳಿಗೆ ಬೆಂಚಿನ ಮ್ಯಾಲ ಕುಂಡ್ರು ಕುಂಡ್ರು ಅಂತ ಹೇಳಾಕ ಬರ್ತಿದ್ದಿ."

ಜೋಗಮ್ಮ ಸೊಸೆಯ ಕಡೆ ತಿರುಗಿದಳು. "ಲೇ ಮಾರಿ, ಒಳಗ ರೊಟ್ಟಿ ಅದಾವ. ಹೋಗಿ ತಿನ್ನು ಹೋಗು." ಬೈಯುವ ದನಿಯಲ್ಲೇ. ಮಾರೆಮ್ಮ ಏಳಲಿಲ್ಲ, ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಹೈದರಾಬಾದಿಗೆ ಹೋಗಲು ಡಾಕ್ಟರರ ಚೀಟಿ ಬರೆಸಿ ಕೊಡುತ್ತೇನೆ, ಐವತ್ತು ಸುತ್ತು ಎಂದು ನಾನೇ ಅವರಿಗೆ ಹೇಳುತ್ತೇನೆ ಎಂದೆ. ಎದ್ದೆ.

ಬಸ್ ನಿಲ್ಲುವಲ್ಲಿಗೆ ಮಾರೆಮ್ಮ ಹಿಂದೆಯೇ ಬಂದಳು. ಕುಂಕುಮದ ಡಬ್ಬಿಯಲ್ಲಿದ್ದ ಕಾಗದ ಕೈಯಲ್ಲಿತ್ತು. ನನ್ನ ಕೈಗಿಟ್ಟಳು.

"ಜೀಪಿನ್ಯಾಗ ಯಾಕ ಹೇಳಲಿಲ್ಲರಿ? ಇಪ್ಪತ್ತೆಂಟು ದಿನ ಆತು."

ಅವಳೂ ಎಣಿಸಿದ್ದಳು.

"ಹೆದರಿದ್ದೆ."

"ನಾನೂ ಹೆದರಿದ್ನಲ್ರಿ." ಬಸ್ಸು ಬಂತು. ಹತ್ತಿ ಕೂತ ಮೇಲೆ ಕಿಟಕಿಯ ಕೆಳಗೆ ಬಂದು ಕೇಳಿದಳು: "ಅಕ್ಕಾರ, ಆ ಎರಡು ದಿನದ್ದು... ಈಗ ಕೇಳಿದ್ರ ಹೇಳಿಕೊಡ್ತಾರೇನು ಅವರು?"

ಡಾಕ್ಟ್ರಮ್ಮ ಅನ್ನಲಿಲ್ಲ.

8 ಏಪ್ರಿಲ್, ಮಂಗಳವಾರ. ಬೆಳಿಗ್ಗೆ 7

ಉಜ್ಜಿನಪ್ಪನವರನ್ನು ಹತ್ತಕ್ಕೆ ಕಾಣಬೇಕು. ಹಂಪಯ್ಯನವರಿಗೆ ಕಾರ್ಡು ಬರೆದಾಯಿತು, ಈ ಸಲ ಹರಿಯಲಿಲ್ಲ. ಪಡಸಾಲೆಯ ಗೋಡೆಯ ಸುದ್ದಿಯನ್ನು ನಾನು ಕೀಳುವುದಿಲ್ಲ. ಅಪ್ಪನಿಗೆ ಹೇಳಬೇಕು, ಅಪ್ಪನೇ ಕೀಳಬೇಕು. ಕನ್ನಡಕ ಹಾಕಿಕೊಂಡು ಇವತ್ತಿನ ಪತ್ರಿಕೆಯ ಮೂಲೆ ಓದುತ್ತಿದ್ದಾರೆ.

ಶಿಬಿರ ನಡೆಸಿದ ಮದ್ರಾಸಿನ ಮೇಡಂಗೆ, ಆ ಎರಡು ದಿನದ ಪಾಠ ಕೇಳಿ, ಇಂಗ್ಲಿಷಿನಲ್ಲಿ ಬರೆಯಬೇಕು. ಮೊದಲು ಇಲ್ಲಿ ಕನ್ನಡದಲ್ಲಿ, ಎಲ್ಲೂ ಜಾರಿಕೊಳ್ಳದ ಹಾಗೆ.

ಮಾನ್ಯರೇ, 1983ರ ಆಗಸ್ಟ್ ಶಿಬಿರದ ನಿಮ್ಮ ಹಾಜರಿ ಪಟ್ಟಿಯಲ್ಲಿ ನನ್ನ ಹೆಸರು ಹದಿನೇಳನೆಯದು. ಏಳನೆಯ ದಿನ ಮತ್ತು ಎಂಟನೆಯ ದಿನ ನಾನು ಬಂದಿರಲಿಲ್ಲ.