ಅಳಿಯನ ಸಣ್ಣ ಪುಲ್ಲಿ

ಸೋಮವಾರ, ೧೨ ಸೆಪ್ಟೆಂಬರ್ ೧೯೮೩

ಎರಡು ಪಂಪ್ ಶಾಫ್ಟ್ ಮುಗಿಸಿದೆ. ಮೂರನೆಯದು ಲೇತಿನ ಮೇಲಿತ್ತು, ಅಷ್ಟರಲ್ಲಿ ಖಾನಾಪುರದ ಅಳಿಯಂದಿರ ಫಿಯಾಟ್ ಬಂತು. ಎರಡು ಓಣಿ ಆಚೆಯಿಂದಲೇ ಗೊತ್ತಾಗುತ್ತದೆ. ಆ ಸದ್ದಿಗೆ ಬಾಜೂ ಮನೆಯ ಎಮ್ಮೆ ಹಗ್ಗ ಹರಿಯಲು ನೋಡುತ್ತದೆ. ಹೆಂಚಿನ ಕಾರ್ಖಾನೆ ಇಟ್ಟವರಿಗೆ ರೇಸು ಯಾಕೆ? ಎಂಜಿನ್ನಿನ ಹೆಡ್ ತಿಕ್ಕಿಸಿದ್ದಾಯಿತು, ಎರಡು ಕಾರ್ಬುರೇಟರ್ ಕೂರಿಸಿದ್ದಾಯಿತು. ಈಗ ಇನ್ನೊಂದು ಹುಚ್ಚು.

"ಮಾವಾರ, ಈ ಕ್ರ್ಯಾಂಕ್ ಪುಲ್ಲಿ ಐತೆಲ್ಲ, ಇದರ ಬದಲಿ ಒಂದು ಸಣ್ಣದು ಮಾಡಿಕೊಡ್ರಿ. ಪುಣೆದಾಗ ರೇಸಿನವರು ಹಂಗ ಮಾಡ್ಯಾರ."

ಆ ಪುಲ್ಲಿಯ ಮೇಲಿನ ಒಂದೇ ಬೆಲ್ಟು ಫ್ಯಾನು, ನೀರಿನ ಪಂಪು, ಡೈನಮೊ ಮೂರನ್ನೂ ತಿರುಗಿಸುತ್ತದೆ. ಕೆಳಗಿನ ಪುಲ್ಲಿ ಸಣ್ಣದಾದರೆ ಮೂರೂ ನಿಧಾನ. ಎಂಜಿನ್‌ಗೆ ಅಷ್ಟು ಹೊರೆ ಕಡಿಮೆ, ಆ ಜೋರು ಗಾಲಿಗೆ ಸಿಗುತ್ತದೆ. ಇದು ಅವರ ಲೆಕ್ಕ. ನಾನು ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು. ಆದರೂ ಇಷ್ಟು ತಿಳಿಯುತ್ತದೆ... ಎತ್ತಿಗೆ ನೀರು ಕಡಿಮೆ ಕುಡಿಸಿ ಓಡಿಸಿದ ಹಾಗೆ.

ಮಗ ಕೇಳಿದ್ದರೆ ನಟ್ಟು ಬಿಚ್ಚುವ ಪಾನಾ ಎಸೆಯುತ್ತಿದ್ದೆ. ಕೇಳಿದವರು ಅಳಿಯ. "ನೋಡೂಣ್ರಿ" ಎಂದೆ. ಮಗಳು ಕಾಂತಾ ಕಾರಿನಿಂದ ಇಳಿಯಲಿಲ್ಲ, ಕಿಟಕಿಯಲ್ಲೇ ನಕ್ಕಳು. ನನ್ನ ಹಲ್ಲು ಕಡಿತ ಅವಳಿಗೆ ಕೇಳಿಸಿರಬೇಕು.

ಬಣ್ಣ ಬಂದಿದೆ ಅವಳಿಗೆ. ಬಸುರಿ, ಆರನೇ ತಿಂಗಳಲ್ಲಿ ಬಿದ್ದಿದೆ. ಹೋದ ವರ್ಷ ಐದನೇ ತಿಂಗಳಿಗೇ ಹೋಗಿತ್ತು. ಆ ಮಾತು ಬರೆಯಬಾರದಿತ್ತು.

ಗುರುವಾರ, ೧೫ ಸೆಪ್ಟೆಂಬರ್

ಮಾಡುವುದಿಲ್ಲ ಎಂದು ಮನೆಯಲ್ಲಿ ಹೇಳಿದೆ. ಹೆಂಡತಿ ಚಂದ್ರವ್ವ ರೊಟ್ಟಿ ಬಡಿಯುತ್ತಲೇ, "ಅಳಿಯ ಬಾಯಿ ಬಿಟ್ಟು ಕೇಳ್ಯಾನ. ಬಂಗಾರ ಕೇಳಿಲ್ಲ, ಕಬ್ಬಣ ಕೇಳ್ಯಾನ. ಕೊಡ್ರಿ" ಎಂದಳು. ಮೂವತ್ತು ವರ್ಷದಿಂದ ಹೀಗೆಯೇ. ಬೆನ್ನು ತಿರುಗಿಸಿಕೊಂಡೇ ಗೆಲ್ಲುತ್ತಾಳೆ.

ಬೀಡು ಕಬ್ಬಿಣದ ಒಳ್ಳೆಯ ತುಂಡು ಹುಡುಕಿದೆ. ಮೂಲದ್ದು ಐದೂಕಾಲು ಇಂಚು. ಇದನ್ನು ನಾಲ್ಕಕ್ಕೆ ತಂದೆ. ಬೆಲ್ಟು ಕೂರುವ ಕಚ್ಚು ಕೊರೆಯುವಾಗ ಕೈ ತಾನೇ ನಾಜೂಕಾಯಿತು. ಕೆಲಸ ಹುಚ್ಚಿನದಾದರೂ ಕೈಗೆ ಅದು ಗೊತ್ತಾಗುವುದಿಲ್ಲ.

ರವಿವಾರ, ೧೮ ಸೆಪ್ಟೆಂಬರ್

ಪುಲ್ಲಿ ಹಾಕಿದೆ. ಡೈನಮೊ ಹೊರಗೆ ಎಳೆದು ಬೆಲ್ಟು ಬಿಗಿ ಮಾಡಿದೆ. ಖಾನಾಪುರ ರಸ್ತೆಯಲ್ಲಿ ಎರಡು ಮೈಲಿಗಲ್ಲು ಹಿಡಿದು ನೋಡಿದೆವು. ಗಡಿಯಾರ ನನ್ನ ಕೈಯಲ್ಲಿ. ಬಿಚ್ಚುವ ಮೊದಲು ದೊಡ್ಡ ಪುಲ್ಲಿಗೆ ನಲವತ್ತೊಂಬತ್ತು ಸೆಕೆಂಡ್ ಆಗಿತ್ತು. ಸಣ್ಣದಕ್ಕೆ ನಲವತ್ತೆಂಟು. ಮೂರು ಸಲ ಓಡಿಸಿದರು. ಮೂರು ಸಲವೂ ನಲವತ್ತೆಂಟು.

"ನೋಡಿದ್ರೆಲ್ಲ ಮಾವಾರ."

"ಒಂದ ಸೆಕೆಂಡು."

"ರೇಸಿನಾಗ ಒಂದ ಸೆಕೆಂಡಂದ್ರ ಒಂದ ಹರದಾರಿ."

ಬಿಸಿಯ ಮುಳ್ಳು ನೋಡಿದೆ. ಏರಿರಲಿಲ್ಲ. ಖರೇ ಹೇಳಬೇಕೆಂದರೆ ಒಳಗೆ ಖುಷಿಯಾಗಿತ್ತು. ಅದಕ್ಕೇ ಸಿಟ್ಟು ಬಂತು.

ದೊಡ್ಡ ಪುಲ್ಲಿ ಅಂಗಡಿಯ ಮೊಳೆಗೆ ತೂಗುಹಾಕಿದೆ.

ಸೋಮವಾರ, ೧೦ ಅಕ್ಟೋಬರ್

ನಿನ್ನೆ ಜಾಂಬೋಟಿ ಕಡೆಯ ಏರಿನಲ್ಲಿ ರೇಸು. ಅಳಿಯಂದಿರು ಎರಡನೆಯವರು. ಮೂರನೆಯವನಿಗಿಂತ ಅರ್ಧ ಸೆಕೆಂಡ್ ಮುಂದೆ. ಅಂದರೆ ಆ ಅರ್ಧ ಸೆಕೆಂಡ್ ನನ್ನ ಪುಲ್ಲಿಯದು. ಪೇಢೆ ಡಬ್ಬಿ ತಂದರು. ಡಬ್ಬಿಯ ಜೊತೆ ಕಾರನ್ನೂ ತಂದಿದ್ದರು, ರೇಸು ಮುಗಿದಿತ್ತು, ಆಗಲೇ ದೊಡ್ಡ ಪುಲ್ಲಿ ಮತ್ತೆ ಹಾಕಬಹುದಿತ್ತು. ಹಾರ್ನು ಸ್ವಲ್ಪ ಒಡಕು ಅನ್ನಿಸಿತು, ಬ್ಯಾಟರಿ ಇಳಿದಿರಬೇಕು. ನಾನು ಪೇಢೆ ತಿನ್ನುತ್ತಾ ಕೂತೆ.

ಶನಿವಾರ, ೧೫ ಅಕ್ಟೋಬರ್. ಖಂಡೇನವಮಿ. ರಾತ್ರಿ ೮

ಈಗ ಕೈ ತೊಳೆದು ಕೂತಿದ್ದೇನೆ. ಬರೆಯುತ್ತೇನೆ.

ಬೆಳಿಗ್ಗೆ ಆಯುಧಪೂಜೆ. ಲೇತಿಗೆ ಚೆಂಡುಹೂವು. ಪಾನಾ, ಸುತ್ತಿಗೆ, ಗೇಜು ಎಲ್ಲಾ ತೊಳೆದು ಜಮಖಾನೆಯ ಮೇಲೆ ಇಟ್ಟೆವು. ಎಲ್ಲಕ್ಕೂ ವಿಭೂತಿ. ಚಂದ್ರವ್ವ ಮೊಳೆಯಲ್ಲಿದ್ದ ಪುಲ್ಲಿಯನ್ನೂ ಇಳಿಸಿ ಮೂರು ಬೆರಳು ಎಳೆದಳು. ಇವತ್ತು ಹತ್ಯಾರ ಮುಟ್ಟುವಂತಿಲ್ಲ. ನಮ್ಮಪ್ಪನ ಕಾಲದಿಂದ ಮುಟ್ಟಿಲ್ಲ.

ಕಾಂತಾ ಹಬ್ಬಕ್ಕೆ ಬರುವವಳಿದ್ದಳು. ಮಧ್ಯಾಹ್ನದ ಊಟಕ್ಕೆ. ಎರಡಾಯಿತು, ಮೂರಾಯಿತು. ಹೋಳಿಗೆ ತಣ್ಣಗಾದವು.

ನಾಲ್ಕಕ್ಕೆ ಬಾಜೂ ಮನೆಯ ಕರೆಪ್ಪ ಡ್ಯೂಟಿ ಮುಗಿಸಿ ಬಂದ. ಖಾನಾಪುರ ಬಸ್ಸಿನ ಕಂಡಕ್ಟರ್.

"ಉಳವಪ್ಪಣ್ಣಾ, ನಿಮ್ಮ ಅಳಿಯಾರ ಗಾಡಿ ದೇಸೂರ ರೈಲ್ವೆ ಗೇಟಿನಾಗ ನಿಂತೈತಿ. ಬಾನೆಟ್ ತೆಗದಾರ, ಉಗಿ ಹೊಂಟೈತಿ."

"ಕಾಂತಾ?"

"ಕಾಣಲಿಲ್ಲಪಾ. ಗೇಟ್ ಎದ್ದಿತ್ತು, ನಮ್ಮ ಬಸ್ಸು ನಿಲ್ಲಲಿಲ್ಲ."

ಒಂದೇ ಕ್ಷಣದಲ್ಲಿ ಎಲ್ಲಾ ತಿಳಿಯಿತು. ಓಡಿಸಿ ನೋಡಿದ್ದೆ. ನಿಲ್ಲಿಸಿ ನೋಡಿರಲಿಲ್ಲ. ಓಡುವಾಗ ಎದುರಿನ ಗಾಳಿಯೇ ರೇಡಿಯೇಟರ್ ತಂಪು ಮಾಡುತ್ತದೆ, ಎಂಜಿನ್ ಜೋರಾಗಿ ತಿರುಗುವುದರಿಂದ ಪಂಪೂ ನೀರು ತಳ್ಳುತ್ತದೆ. ಗೇಟಿನಲ್ಲಿ ನಿಂತ ಗಾಡಿಗೆ ಯಾವ ಗಾಳಿ? ಗೇಟು ಬಿದ್ದರೆ ಅರ್ಧ ತಾಸು ಏಳದ ಊರಿನವನು ನಾನು. ನಾನೇ ಅದನ್ನು ಮರೆತೆ.

ಪೂಜೆಯ ಮುಂದೆ ಹೋಗಿ ನಿಂತೆ. ಕೈ ಮುಂದೆ ಹೋಗಲಿಲ್ಲ. ಚಂದ್ರವ್ವ ಬಂದಳು, ಹೂವು ಸರಿಸಿದಳು, ದೊಡ್ಡ ಪಾನಾ ತೆಗೆದು ನನ್ನ ಕೈಗೆ ಇಟ್ಟಳು.

"ಇವತ್ತ ಮುಟ್ಟಬಾರದಲ್ಲ" ಎಂದೆ.

"ದೇವರ ಗಾಡಿ ಏನೂ ಕೆಟ್ಟಿಲ್ಲ. ನಡೀರಿ."

ಪುಲ್ಲಿಯನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡು ಸ್ಕೂಟರಿನ ಹಿಂದೆ ಕೂತಳು. ಟಿಳಕವಾಡಿ ಗೇಟು ತೆರೆದಿತ್ತು. ಅದೊಂದು ಪುಣ್ಯ.

ದೇಸೂರ. ದೂರದಿಂದ ಫಿಯಾಟ್ ಕಂಡಿತು, ಬಾನೆಟ್ ಮೇಲೆ. ಅಳಿಯಂದಿರು ರಸ್ತೆಯಲ್ಲಿ ಕುಕ್ಕುರುಗಾಲಲ್ಲಿ ಕೂತಿದ್ದರು. ಕಾಂತಾ ಎಲ್ಲಿ? ಸ್ಕೂಟರಿಗೆ ಸ್ಟ್ಯಾಂಡು ಹಾಕಲು ಮರೆತೆ, ಅದು ಬಿದ್ದಿತು.

ಗೇಟಿನವನ ಕೋಣೆಯ ಹಿಂದೆ ಬೇವಿನ ಮರ. ಅದರ ಕೆಳಗೆ ಕಂಬಳಿಯ ಮೇಲೆ ಕೂತು ಬಾಳೆಹಣ್ಣು ತಿನ್ನುತ್ತಿದ್ದಳು.

"ಅಪ್ಪಾ, ಸ್ಕೂಟರ್ ಎಬ್ಬಸ್ರಿ ಮೊದಲ. ಪೆಟ್ರೋಲ್ ಸೋರಾಕತ್ತೈತಿ."

ಸ್ಕೂಟರ್ ಎಬ್ಬಿಸಿ ಬಂದೆ. ಕಂಬಳಿಯ ತುದಿಯಲ್ಲಿ ಕೂತೆ. ಅವಳ ತಾಯಿ ಅವಳ ಹೊಟ್ಟೆಯ ಮೇಲೆ ಕೈ ಇಟ್ಟು, "ಒದೀತೈತಿ" ಎಂದಳು.

ಆದದ್ದು ಇಷ್ಟು. ಗೂಡ್ಸು ಹೋಯಿತು, ಅದರ ಹಿಂದೆ ಪ್ಯಾಸೆಂಜರ್ ಇದೆಯೆಂದು ಗೇಟು ಏಳಲಿಲ್ಲ. ಎಂಜಿನ್ ಬಂದ್ ಮಾಡಬೇಕಿತ್ತು. ಅಳಿಯಂದಿರು ಮಾಡಲಿಲ್ಲ. ಡೈನಮೊ ನಿಧಾನವಾಗಿ ಬ್ಯಾಟರಿ ಒಂದು ವಾರದಿಂದ ಇಳಿದಿತ್ತು, ಬಂದ್ ಮಾಡಿದರೆ ಮತ್ತೆ ಹತ್ತುವುದಿಲ್ಲ ಎಂಬ ಹೆದರಿಕೆ. ಮುಳ್ಳು ಏರುತ್ತಾ ಹೋಯಿತು.

"ಕೀಲಿ ನಾನ ತಿರುವಿದೆ" ಎಂದಳು ಕಾಂತಾ. "ಗೇಟಿನಾಂವ ತಣ್ಣೀರಿನ ಕೊಡ ತಂದಿದ್ದ, ಇವರು ಎಂಜಿನ್ ಮ್ಯಾಲ ಸುರಿಯಾಕ ಹೊಂಟಿದ್ರು. ಬ್ಯಾಡ, ಹೆಡ್ ಸೀಳತೈತಿ ಅಂದೆ. ಕೊಡದ ಮ್ಯಾಲ ಕುಂತಬಿಟ್ಟೆ."

"ಖರೇನ ಕುಂತಿದ್ಲ್ರಿ ಮಾವಾರ" ಎಂದರು ಅಳಿಯಂದಿರು. ಮುಖದಲ್ಲಿ ರಕ್ತವಿರಲಿಲ್ಲ. "ತಪ್ಪಾತ್ರಿ. ಬೈರಿ, ಒಂದಿಷ್ಟು ಬೈರಿ."

ಒಂದು ತಿಂಗಳಿಂದ ಕೂಡಿಟ್ಟ ಬೈಗುಳ ನಾಲಿಗೆಯ ತುದಿಯಲ್ಲಿತ್ತು. ಆದರೆ ಅದರ ಅರ್ಧ ನನಗೇ ಸಲ್ಲಬೇಕಾದದ್ದು. "ಪುಲ್ಲಿ ಮಾಡಿದಾಂವ ನಾನ. ನಿಲ್ಲಿಸಿ ನೋಡಲಿಲ್ಲ. ಕೈಗೆ ಪಾನಾ ಕೊಡ್ರಿ" ಎಂದೆ.

ಎಂಜಿನ್ ಆರಿತ್ತು. ಹ್ಯಾಂಡಲ್ ಸಿಗಿಸುವ ನಟ್ಟು ಬಿಚ್ಚಿ ದೊಡ್ಡ ಪುಲ್ಲಿ ಹಾಕಿದೆವು. ಅಳಿಯಂದಿರು ರಸ್ತೆಯ ಮೇಲೆ ಮಲಗಿ ಕೆಳಗಿನಿಂದ ಹಿಡಿದರು, ಬಿಳಿ ಜುಬ್ಬ ಹೋಯಿತು. ಪುಲ್ಲಿಯ ಮೇಲಿನ ವಿಭೂತಿ ನನ್ನ ಹೆಬ್ಬೆರಳಿಗೆ ಹತ್ತಿತು. ನೀರು ತುಂಬಿ ಹ್ಯಾಂಡಲ್ ಹೊಡೆದರು. ಮೂರನೆಯದಕ್ಕೆ ಹತ್ತಿತು.

ಹೆಡ್ ಸೀಳಿಲ್ಲ. ನೀರು, ಎಣ್ಣೆ ಕೂಡಿಲ್ಲ. ನೋಡಿದೆ, ಎರಡು ಸಲ ನೋಡಿದೆ.

ರವಿವಾರ, ೧೬ ಅಕ್ಟೋಬರ್

ಅಳಿಯಂದಿರು ಬನ್ನಿ ಕೊಟ್ಟರು. "ಬಂಗಾರ ತಗೊಂಡು ಬಂಗಾರದಂಗ ಇರೂಣ್ರಿ ಮಾವಾರ." ಇನ್ನೊಂದು ಕೈಯಲ್ಲಿ ಸಣ್ಣ ಪುಲ್ಲಿ. "ಇದೂ ತಗೋರಿ. ಇನ್ನ ಇದು ನಿಮ್ಮ ಮೊಳೀಗೆ."

ಬನ್ನಿ ಕಿಸೆಗೆ. ಪುಲ್ಲಿ ಮೊಳೆಗೆ. ಕಾಂತಾಳನ್ನು ಹೆರಿಗೆಯತನಕ ಕಳಿಸುವುದಿಲ್ಲ ಎಂದೆ.

ಮಂಗಳವಾರ, ೨೭ ಡಿಸೆಂಬರ್

ಬೆಳಿಗ್ಗೆ ಆರಕ್ಕೆ ಬೇನೆ. ಅಳಿಯಂದಿರು ನಿನ್ನೆಯೇ ಬಂದಿದ್ದು ಒಳ್ಳೆಯದಾಯಿತು. ಫಿಯಾಟಿನಲ್ಲಿ ಹೊರಟೆವು. ಟಿಳಕವಾಡಿ ಗೇಟು ಬಿದ್ದಿತ್ತು.

ಅವರು ನನ್ನ ಮುಖ ನೋಡಿದರು. ಹಿಂದಿನ ಸೀಟಿನಲ್ಲಿ ಕಾಂತಾ ತಾಯಿಯ ಕೈ ಹಿಂಡುತ್ತಿದ್ದಳು.

"ಬಂದ್ ಮಾಡ್ರಿ" ಎಂದೆ.

ಬಂದ್ ಮಾಡಿದರು. ಹನ್ನೊಂದು ನಿಮಿಷ. ರೈಲು ಹೋಯಿತು, ಗೇಟು ಎದ್ದಿತು. ಕೀಲಿ ತಿರುವಿದರು. ಒಂದೇ ಸಲಕ್ಕೆ ಹತ್ತಿತು.

ಹೆಣ್ಣು. ಆರೂವರೆ ಪೌಂಡು. ಇಬ್ಬರೂ ಆರಾಮ.

ಶನಿವಾರ, ೩೧ ಡಿಸೆಂಬರ್. ಸಂಜೆ

ಡೈರಿಯ ಕೊನೆಯ ಹಾಳೆ. ಬೇರಿಂಗಿನ ಡೀಲರು ಹೊಸ ವರ್ಷದ ಡೈರಿ ಇನ್ನೂ ಕೊಟ್ಟಿಲ್ಲ.

ಅಳಿಯಂದಿರು ಅಂಗಡಿಗೆ ಬಂದು ಮೊಳೆಯ ಕೆಳಗೆ ನಿಂತರು. ನಾನೇ ಕೇಳಿದೆ.

"ರೇಸು ಯಾವಾಗ?"

"ಫೆಬ್ರುವರಿದಾಗರಿ. ಆದ್ರ ನಾ ಏನೂ ಕೇಳಿಲ್ಲ."

"ಕಾಂತಾ ಏನಂತಾಳ?"

"ಅಪ್ಪನ್ನ ಕೇಳ್ರಿ ಅಂದ್ಲು."

ಸಣ್ಣ ಪುಲ್ಲಿಯಿಂದ ಲಾಭ ಇದೆಯೋ ಇಲ್ಲವೋ ಎಂದು ಎರಡು ತಿಂಗಳು ತಲೆ ಕೆಡಿಸಿಕೊಂಡೆ. ಇದೆ. ಗೇಟಿಲ್ಲದ ರಸ್ತೆಯಲ್ಲಿ ಒಂದು ಸೆಕೆಂಡ್ ಲಾಭ. ಹೆಂಡತಿ ಮಕ್ಕಳು ಕೂರುವ ಗಾಡಿಗೆ ಇಲ್ಲ. ಹಾಗೆಯೇ ಹೇಳಿದೆ. ರೇಸಿನ ಜಾಗದಲ್ಲೇ ಹಾಕುವುದು, ರೇಸು ಮುಗಿದ ಮೇಲೆ ಅಲ್ಲೇ ಬಿಚ್ಚುವುದು. ಹಾಕುವವನೂ ನಾನೇ, ಬಿಚ್ಚುವವನೂ ನಾನೇ.

"ಅಂದ್ರ ನೀವೂ ರೇಸಿಗೆ ಬರ್ತೀರಿ?"

"ಬರದ ಏನ್ ಮಾಡ್ಲಿ."

ಪುಲ್ಲಿ ಇಳಿಸಿ ಗ್ರೀಸು ಒರೆಸಿದೆ. ಒಳಗಿನಿಂದ ಕಾಂತಾ ಕರೆಯುತ್ತಿದ್ದಾಳೆ. ಕೂಸು ಎದ್ದಿದೆ, ಎತ್ತಿಕೊಳ್ರಿ ಎನ್ನುತ್ತಾಳೆ. ಎರಡೂ ಕೈ ಕಪ್ಪು. ಸೋಡಾಪುಡಿ ಎಲ್ಲಿಟ್ಟೆನೋ, ಮೊದಲು ತೊಳೆದುಕೊಂಡು—