ಹತ್ತು ವಾರ ಹಾಕಿದ ಬೀಗ

ಕರಾಮ, ದುಬೈ
12 ಮಾರ್ಚ್ 2010

ಮುಹ್ಸಿನಾ ಮೇಡಂ ಅವರಿಗೆ ಎಲ್ಸಿಯ ನಮಸ್ಕಾರ.

ಹಂದಿಜ್ವರದ ಸಮಯದಲ್ಲಿ ಸೇವಾ ಸಂಘದವರ ಮನೆಭೇಟಿ ನಿಂತದ್ದರಿಂದ, ಮನೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವ ನಮ್ಮಂಥವರಿಗೆ ಏನಾಯಿತು ಎಂಬ ನಿಮ್ಮ ಅಧ್ಯಯನದ ಫಾರ್ಮನ್ನು ಇದರ ಜೊತೆ ಇಟ್ಟಿದ್ದೇನೆ. ಮೊದಲು ‘ತೊಂದರೆ ಆಗಲಿಲ್ಲ’ ಎಂದು ಬರೆದಿದ್ದೆ. ಅದನ್ನು ಹೊಡೆದು ಹಾಕಿದ್ದೇನೆ.

ತಲೆಗೆ ಪೆಟ್ಟಾದ ಮೇಲೆ ನನ್ನ ಅಣ್ಣ ಕ್ಯಾಮಿಲಸ್‌ಗೆ ಹೊರಗೆ ಹೋದರೆ ತಿರುಗಿ ಬರಲು ದಾರಿ ತಿಳಿಯುವುದಿಲ್ಲ. ನಾನು ಆಸ್ಪತ್ರೆಯ ಲಾಂಡ್ರಿ ಕೆಲಸಕ್ಕೆ ಹೋದಾಗ ಸಂಘದ ಜಾನಿಸ್ ಬಂದು ಅವನ ಜೊತೆ ಕೂರುತ್ತಿದ್ದಳು. ಅವಳು ಬರುವುದು ನಿಂತಿತು. ಹಂದಿಜ್ವರದ ಆ ದಿನಗಳಲ್ಲಿ ಆಸ್ಪತ್ರೆಯಿಂದ ನನಗೆ ರಜೆಯೂ ಸಿಗಲಿಲ್ಲ. ಹತ್ತು ವಾರ ಅವನನ್ನು ಒಳಗೆ ಬಿಟ್ಟು, ಹೊರಗಿನಿಂದ ಬೀಗ ಹಾಕಿ ಹೋದೆ. ಒಂದು ಸಂಜೆ ಬಂದು ನೋಡಿದರೆ, ಬಾಗಿಲು ಬಡಿದು ಬಡಿದು ಅವನ ಕೈ ಊದಿತ್ತು.

“ಎಲ್ಸಿ, ನಾನು ಎಂತ ತಪ್ಪು ಮಾಡಿದ್ದು?” ಎಂದು ಕೇಳಿದ.

ಮರುದಿನ ಸಂಘದಿಂದ ಫೋನ್ ಬಂತು. “ಅಣ್ಣ ಹೇಗಿದ್ದಾರೆ?” ಎಂದರು. “ಆರಾಮ ಇದ್ದಾನೆ” ಎಂದೆ. ನಿಜ ಹೇಳಿದರೆ ಅವನನ್ನು ನನ್ನಿಂದ ದೂರ ಕಳಿಸುತ್ತಾರೇನೋ ಎಂದು ಹೆದರಿದ್ದೆ.

ಈಗ ಜಾನಿಸ್ ಮತ್ತೆ ಬರುತ್ತಾಳೆ. ಅವಳಿಗೂ ನಾನು ಇದನ್ನು ಹೇಳಿಲ್ಲ. ನೀವು ‘ನಿರ್ಲಕ್ಷ್ಯ’ ಎಂದು ಬರೆಯುವುದಾದರೆ ಬರೆಯಿರಿ, ನಾನು ಬೇಡ ಎನ್ನುವುದಿಲ್ಲ. ಆದರೆ ಇನ್ನೊಮ್ಮೆ ಇಂಥ ಕಾಯಿಲೆ ಬಂದರೆ, ಫೋನ್ ಮಾಡುವವರು ನನ್ನೊಬ್ಬಳನ್ನೇ ಕೇಳಿ ಇಟ್ಟುಬಿಡಬಾರದು. ಅಣ್ಣನ ಕೈಗೆ ಫೋನ್ ಕೊಡಲು ಹೇಳಲಿ. ಅವನಿಗೆ ಮಾತು ಬರುತ್ತದೆ.

ಇಂತಿ,
ಎಲ್ಸಿ ಕುಟಿನ್ಹೊ