ವಿಮಾನ ಖಾಲಿ ಮಾಡಿಸಿದ ಗಂಟಲು

ಅಮ್ಮಾ,

ನೀನು ತೀರಿಕೊಂಡು ವರ್ಷವಾಯಿತು. ಆದರೂ ಇದನ್ನು ನಿನಗೇ ಹೇಳಬೇಕು. ಇವತ್ತು ದಟ್ಟ ಮಂಜಿನಲ್ಲಿ ಇಳಿದ ನಮ್ಮ ವಿಮಾನ ರನ್‌ವೇ ದಾಟಿ ಕೆಸರಿಗೆ ನುಗ್ಗಿತು. ದೀಪ ಆರಿತು, ಮೈಕು ಕೆಟ್ಟಿತು, ಹೊಗೆ ತುಂಬಿತು. ಗಗನಸಖಿಯಾದ ನಾನು ಬಾಗಿಲು ತೆರೆದು, ಕೆಳಗಿಳಿಯುವ ಜಾರುಬಂಡಿ ಬಿಚ್ಚಿ, "ಬ್ಯಾಗ್ ಬಿಡಿ! ಹಾರಿ! ಜಾರಿ!" ಎಂದು ಕಿರುಚಿದೆ. ಸೂಟ್‌ಕೇಸ್ ಅಪ್ಪಿಕೊಂಡು ದಾರಿಗೆ ಅಡ್ಡ ನಿಂತಿದ್ದ ದಢೂತಿ ಮನುಷ್ಯನೂ ಬೆಚ್ಚಿಬಿದ್ದು ಕೈಬಿಟ್ಟ. ಎಲ್ಲರೂ ಬದುಕಿದರು ಅಮ್ಮಾ, ಒಬ್ಬರೂ ಬಿಡದೆ!

ಕೆಳಗೆ ಒಬ್ಬ ಅಜ್ಜಿ ನನ್ನ ಕೆನ್ನೆ ಸವರಿ, "ಅಬ್ಬಾ, ಏನು ಗಂಟಲೇ ನಿಂದು! ನಿಮ್ಮಮ್ಮ ಪುಣ್ಯವಂತೆ" ಅಂದರು.

"ಮೆತ್ತಗೆ ಮಾತಾಡೇ ಬಜಾರಿ, ಬೀದಿಗೆಲ್ಲ ಕೇಳುತ್ತೆ" ಅಂತ ನೀನು ದಿನಾ ಬೈಯುತ್ತಿದ್ದ ಗಂಟಲು ಅದೇ.

ಈಗ ಪೂರ್ತಿ ಕಟ್ಟಿಹೋಗಿದೆ. ಮನೆಗೆ ಬಂದು ಅಡುಗೆಮನೆಯಲ್ಲಿ ಕೂತು, ನೀನು ಹೇಳುತ್ತಿದ್ದಷ್ಟೇ ಮೆತ್ತಗೆ, ಅಮ್ಮಾ ಅಂತ ಕರೆದೆ.

ಕೇಳಿಸಿತಾ?